ನದಿಯಾಚೆ ಕುಳಿತ ವಾಪಿಟಿ

ನಾವು ವಲಸೆ ಬಂದ ಈ ದೇಶದ ನೈಋತ್ಯ ಮೂಲೆಯಲ್ಲಿರುವ ಫಿಯೋರ್ಡ್‌ಲ್ಯಾಂಡ್‌ನ ಕಾಡಿನಲ್ಲಿ ಎಲ್ಕ್ ಬೇಟೆಗೆ ಪ್ರತಿ ವರ್ಷ ಚೀಟಿ ಎತ್ತುತ್ತಾರೆ. ಇಲ್ಲಿಯವರು ಎಲ್ಕನ್ನು ವಾಪಿಟಿ ಎನ್ನುತ್ತಾರೆ. ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ. ನಾಲ್ಕು ವರ್ಷ ಅರ್ಜಿ ಹಾಕಿದ ಮೇಲೆ ನಮ್ಮಿಬ್ಬರ ಹೆಸರು ಬಂತು. ಇಬ್ಬರು ಎಂದರೆ ನಾನು ಮತ್ತು ನಾವೀಗ ನೆಲೆಸಿರುವ ರಿಕ್ಕರ್ಟನ್ ಬಡಾವಣೆಯಲ್ಲಿ ನಮ್ಮ ಬೀದಿಯಲ್ಲೇ ಇದ್ದ, ಕೊಡಗಿನ ನಿವೃತ್ತ ಮೆಕ್ಯಾನಿಕ್ ಒಬ್ಬರು. ನನಗೆ ಅವರು ಅಂಕಲ್. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಬಂದೂಕು ಮುಟ್ಟಿದವರೇ ಇರಲಿಲ್ಲ. ನನಗೆ ಗುರಿ ಹಿಡಿಯಲು ಕಲಿಸಿದವರು ಅವರು.

ರೈಫಲ್ ಕೊಳ್ಳಲು ಹೋದಾಗಲೂ ಅವರು ಜೊತೆಗಿದ್ದರು. "ತ್ರೀ ನಾಟ್ ಎಯ್ಟ್ ಗುಂಡಿನದು ತಗೋ. ನನ್ನದೂ ಅದೇ. ಇನ್ನೂರೈವತ್ತು ಮೀಟರ್ ಒಳಗೆ ಹೋಗಿ ಹೊಡೆದ್ರೆ ಯಾವ ವಾಪಿಟಿನೂ ನಿಲ್ಲಲ್ಲ," ಎಂದರು.

"ಅದಕ್ಕಿಂತ ದೂರ ಇದ್ರ?"

"ಹತ್ತಿರ ಹೋಗ್ಬೇಕು. ಆಗಲ್ಲ ಅಂದ್ರೆ ಬಿಟ್ಟು ಬರ್ಬೇಕು."

ನಾನು ಅದಕ್ಕಿಂತ ಬಲವಾದ ಗುಂಡಿನ ಮ್ಯಾಗ್ನಂ ರೈಫಲ್ ಕೊಂಡೆ. ದೂರ ಹೋಗುತ್ತದೆ, ಜೋರಾಗಿ ಬಡಿಯುತ್ತದೆ ಎಂದು ಅಂಗಡಿಯವನು ಹೇಳಿದ್ದು ನನಗೆ ಹಿಡಿಸಿತ್ತು. ಅಭ್ಯಾಸ ಮಾಡುವಾಗ ಅದು ಹೆಗಲಿಗೆ ಎಂಥ ಪೆಟ್ಟು ಕೊಡುತ್ತಿತ್ತೆಂದರೆ, ಬಂದೂಕಿನ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಅಂಕಲ್ ಅದನ್ನು ನೋಡಿದರು. "ಇನ್ನೂ ವಾಪಸ್ ಕೊಡಬಹುದು," ಎಂದರು. ರೂಢಿಯಾಗುತ್ತದೆ ಎಂದೆ.

ಹೆಲಿಕಾಪ್ಟರ್ ನಮ್ಮನ್ನು ಕಣಿವೆಯೊಂದರಲ್ಲಿ ಇಳಿಸಿ ಹೋದ ಮೇಲೆ ಐದು ದಿನ ಮಳೆ ಬಿಡಲಿಲ್ಲ. ಆರನೆಯ ದಿನ ಮಧ್ಯಾಹ್ನ ಮಳೆ ತೆಳುವಾಯಿತು. ನದಿಯಾಚೆಯ ಇಳಿಜಾರಿನಲ್ಲಿ, ಮರಗಳ ನಡುವಿನ ಹುಲ್ಲುಗಾವಲಿನಲ್ಲಿ ಒಂದು ಗಂಡು ವಾಪಿಟಿ ಮೇಯುತ್ತಿತ್ತು. ದೂರ ಅಳೆಯುವ ರೇಂಜ್‌ಫೈಂಡರ್ ಹಿಡಿದರೆ ಅದರ ಬೆಳಕು ಮಂಜಿಗೇ ಬಡಿದು ಒಮ್ಮೆ ಮೂವತ್ತು ಮೀಟರ್, ಒಮ್ಮೆ ನಲವತ್ತು ಎಂದು ತೋರಿಸಿತು.

"ಮುನ್ನೂರು ಇರ್ಬೇಕ್ರಿ ಅಂಕಲ್," ಎಂದೆ.

"ಮಧ್ಯ ಕಣಿವೆ ಇದ್ದಾಗ ಕಣ್ಣನ್ನ ನಂಬಬಾರದು. ದೂರ ಇರೋದು ಹತ್ತಿರ ಕಾಣುತ್ತೆ. ಮಂಜು ಸರೀಲಿ."

ಅರ್ಧ ಗಂಟೆ ಕಾದೆವು. ವಾಪಿಟಿ ತಲೆಯೆತ್ತಿ ಕಾಡಿನ ಕಡೆ ತಿರುಗಿತು. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಮರೆಯಾಗುತ್ತಿತ್ತು. ನಾನು ಬಿಸ್ಮಿಲ್ಲಾ ಹೇಳಿ ಹೊಡೆದೆ. ಮಾಂಸವನ್ನು ಮನೆಗೆ ಒಯ್ಯುವ ಆಸೆಯಿತ್ತು, ಅದು ಹಲಾಲ್ ಆಗಲು ಅಲ್ಲಾಹನ ಹೆಸರು ಹೇಳಿಯೇ ಹೊಡೆಯಬೇಕಿತ್ತು.

ಕಣ್ಣು ಬಿಟ್ಟಾಗ ಅದು ಮೂರು ಕಾಲಿನ ಮೇಲೆ ನಿಂತಿತ್ತು. ಮುಂಗಾಲು ಮೊಣಕಾಲಿನ ಮೇಲ್ಗಡೆ ಮುರಿದು ತೂಗುತ್ತಿತ್ತು.

"ಕೆಳಗೆ ಬಿತ್ತು ಗುಂಡು. ಇನ್ನೊಂದು ಹೊಡಿ, ಬೇಗ."

ಎರಡನೆಯದು ಅದರ ಬೆನ್ನಿನ ಮೇಲೆ ಹಾದು ಬಂಡೆಗೆ ತಾಗಿತು. ವಾಪಿಟಿ ಕುಂಟುತ್ತಾ ಹೋಗಿ ಪೊದೆಯ ಹಿಂದೆ ಕುಳಿತಿತು. ತಲೆ ಮತ್ತು ಕೊಂಬು ಮಾತ್ರ ಕಾಣುತ್ತಿದ್ದವು. ಆಗ ಒಂದು ಕ್ಷಣ ಮಂಜು ಹರಿದು, ಅಂಕಲ್ ಕೈಯಲ್ಲಿದ್ದ ರೇಂಜ್‌ಫೈಂಡರ್ ಸರಿಯಾದ ಲೆಕ್ಕ ಕೊಟ್ಟಿತು. ಅವರು ಅದನ್ನು ನನ್ನ ಕೈಗಿತ್ತರು. ನಾನೂರ ಮೂವತ್ತು ಮೀಟರ್. ನಾನು ರೈಫಲ್ ಎತ್ತುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು.

ನಾವು ಇಳಿದು ನದಿಗೆ ಹೋದೆವು. ಐದು ದಿನದ ಮಳೆಗೆ ಅದು ಕಂದು ಬಣ್ಣಕ್ಕೆ ತಿರುಗಿ ಉಕ್ಕಿ, ಮರದ ದಿಮ್ಮಿಗಳನ್ನು ಹೊತ್ತು ತರುತ್ತಿತ್ತು. ತೊಡೆಯವರೆಗೆ ಇಳಿದಾಗ ಕಾಲಡಿಯ ಕಲ್ಲು ಜಾರಿತು. ಅಂಕಲ್ ನನ್ನ ಬ್ಯಾಗಿನ ಪಟ್ಟಿ ಹಿಡಿದು ದಡಕ್ಕೆ ಎಳೆದರು.

"ಅದು ನರಳ್ತಾ ಇದೆ ಅಂಕಲ್. ಹೋಗಾಕಬೇಕ್ರಿ."

"ನಿನ್ನ ಹೆಂಡ್ತಿಗೆ ನಾನು ಏನು ಹೇಳ್ಲಿ? ಬಾ ಮೇಲೆ."

ಮರುದಿನವಿಡೀ ಮಂಜು ಸರಿದಾಗಲೆಲ್ಲ ದುರ್ಬೀನಿನಲ್ಲಿ ನೋಡಿದೆ. ಅದು ಅಲ್ಲೇ ಇತ್ತು. ಗುಂಡು ಹಾರಿಸುವಷ್ಟು ಹೊತ್ತು ಮಂಜು ತೆರೆಯಲಿಲ್ಲ. ಅಂಕಲ್ ರೈಫಲ್ಲಿಗೆ ಅಷ್ಟು ದೂರ ಎಟುಕುತ್ತಲೂ ಇರಲಿಲ್ಲ. ಮೇಲಿನ ಬೆಟ್ಟದಿಂದ ಇನ್ನೊಂದು ಗಂಡು ಸಿಳ್ಳೆಯಂತೆ ಕೂಗಿದಾಗ ಇದು ಕಿವಿ ನಿಮಿರಿಸಿತು, ಮರುಕೂಗು ಕೊಡಲಿಲ್ಲ. ರೇಡಿಯೋದಲ್ಲಿ ಪೈಲಟ್‌ನನ್ನು ಕೇಳಿದರೆ, ಈ ಮೋಡದಲ್ಲಿ ಹಾರಲಾಗದು ಎಂದ. ನಾನು ಅನ್ನ ಮುಟ್ಟಲಿಲ್ಲ. ಅಂಕಲ್ ಬಲವಂತ ಮಾಡಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಹೆಲಿಕಾಪ್ಟರ್ ಬಂತು. ಅಂಕಲ್ ಕೇಳಿಕೊಂಡಿದ್ದಕ್ಕೆ ಪೈಲಟ್ ಆ ಹುಲ್ಲುಗಾವಲಿನ ಮೇಲೆ ಮೂರು ಸುತ್ತು ಹಾಕಿದ. ಪೊದೆಯ ಹಿಂದೆ ಅದು ಕುಳಿತಿದ್ದ ಕಡೆ ಹುಲ್ಲು ನೆಲಕ್ಕೊತ್ತಿಕೊಂಡಿತ್ತು. ವಾಪಿಟಿ ಇರಲಿಲ್ಲ. ಕೆಳಗೆ ಕಾಡು ಒಂದೇ ಹಸಿರಾಗಿ ಹಬ್ಬಿತ್ತು. "ಸಾರಿ ಮೇಟ್," ಎಂದು ಪೈಲಟ್ ಹೆಲಿಕಾಪ್ಟರ್ ತಿರುಗಿಸಿದ.

ಮನೆಯಲ್ಲಿ ಹೆಂಡತಿ ಮಾಂಸಕ್ಕೆಂದು ಫ್ರೀಜರ್ ಖಾಲಿ ಮಾಡಿಟ್ಟಿದ್ದಳು. ನಾನು ಊಟದ ಮೇಜಿನ ಮುಂದೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಒಂಬತ್ತು ವರ್ಷದ ಮಗಳು ಕೇಳುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ.

"ಈಸ್ ಇಟ್ ಸ್ಟಿಲ್ ಅಲೈವ್, ಅಬ್ಬಾ?" ಎಂದಳು.

"ಗೊತ್ತಿಲ್ಲ ಬೇಟಾ."

"ಕ್ಯಾನ್ ಸಮ್‌ಒನ್ ಗೋ ಅಂಡ್ ಹೆಲ್ಪ್ ಇಟ್?"

ಹೆಂಡತಿ ನನ್ನ ಮುಖ ನೋಡಿದಳು. ಯಾರೂ ಹೋಗುವಂತಿರಲಿಲ್ಲ. ನಾನು ಎದ್ದು ಖಾಲಿ ಫ್ರೀಜರಿನ ಸ್ವಿಚ್ ಆರಿಸಿದೆ. ಮಗಳು ಉತ್ತರಕ್ಕಾಗಿ ಅಲ್ಲೇ ನಿಂತಿದ್ದಳು.