ಜೂಲಿಲ್ಲದ ಕುದುರೆಗಳು

ಮೈಮೇಲೆ ಬಟ್ಟೆ ಇಲ್ಲದಿದ್ದರೆ ಯಾವ ಕುದುರೆ ಯಾವುದು ಅಂತ ನನಗೆ ಗೊತ್ತಾಗುವುದಿಲ್ಲ. ಈ ಸತ್ಯ ತಿಳಿದದ್ದು ಹೋದ ಭಾನುವಾರ ಮಧ್ಯಾಹ್ನ, ನಮ್ಮ ಮನೆಯ ಟಿವಿಯ ಮುಂದೆ, ಅದೂ ಹೊರಗಿನವನೊಬ್ಬನ ಎದುರಿಗೆ.

ಹದಿನೆಂಟು ವರ್ಷದಿಂದ ನಾನು ಪುಣೆಯ ರೇಸ್ ಕುದುರೆಗಳಿಗೆ ಜೂಲು ಸಪ್ಲೈ ಮಾಡುತ್ತಿದ್ದೇನೆ. (ಜೂಲು ಗೊತ್ತಲ್ಲ? ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತಿನ ಬೆನ್ನ ಮೇಲೆ ಹೊದಿಸುತ್ತಾರಲ್ಲ, ಅದೇ. ಕುದುರೆಯ ಜೂಲು ಸ್ವಲ್ಪ ಇಂಗ್ಲಿಷ್ ಕಲಿತಿರುತ್ತದೆ, ಅಷ್ಟೇ ವ್ಯತ್ಯಾಸ.) ಜಮಖಂಡಿಯಿಂದ ಎತ್ತಿನ ಜೂಲಿನ ಒಂದು ಗಂಟು ಹೊತ್ತು ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿಳಿದವನು ನಾನು. ಚೌಕಾಸಿಯೊಂದೇ ಬಂಡವಾಳ.

ಹೊಲಿಯುವವಳು ನಮ್ಮ ಅಕ್ಕ, ಗಂಗಕ್ಕ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷಿನ್ ಸಮೇತ ನಮ್ಮ ಮನೆಗೆ ಬಂದಳು. ಲಾಯದೊಳಗೆ ಹೋಗಿ ಒಂದೊಂದು ಕುದುರೆಯ ಅಳತೆ ತೆಗೆಯುವವಳೂ ಅವಳೇ. ನಾನು ಆಫೀಸಿನ ಬಾಗಿಲಲ್ಲಿ ನಿಂತು ರೇಟು ಮಾತಾಡುತ್ತೇನೆ. ಯಾಕೆ ಒಳಗೆ ಹೋಗುವುದಿಲ್ಲ? ವ್ಯವಹಾರ ನಡೆಯುವುದು ಹೊರಗೆ, ಅದಕ್ಕೆ. (ಕುದುರೆ ಕಂಡರೆ ನನಗೆ ಭಯ. ಧೈರ್ಯವಾಗಿ ಬರೆದುಬಿಟ್ಟಿದ್ದೇನೆ, ನನ್ನ ಗಿರಾಕಿಗಳು ಕನ್ನಡ ಓದುವುದಿಲ್ಲ.)

ಹೀಗಿರುವಾಗ ಉತ್ತರದ ಕಡೆಯ ಫ್ಯಾಕ್ಟರಿಯೊಂದರ ಏಜೆಂಟ್ ಖನ್ನಾ ಗಂಟುಬಿದ್ದ. ರೆಡಿಮೇಡ್ ಜೂಲು. ಸ್ಮಾಲ್, ಮೀಡಿಯಂ, ಲಾರ್ಜ್. ಒಗೆದರೆ ಎರಡು ತಾಸಿನಲ್ಲಿ ಒಣಗುತ್ತದೆ. ಮೂರು ಸಲ ಭೇಟಿಯಾಗಿ, ಎರಡು ಸಲ ಬೇಡವೆಂದು ಎದ್ದು ಹೊರಟು, ರೇಟು ಇಳಿಸಿದ್ದೆ. (ಸಲಹೆ: ಎದ್ದು ಹೊರಟಾಗ ಚಪ್ಪಲಿ ನಿಧಾನವಾಗಿ ಹಾಕಿಕೊಳ್ಳಿ. ವಾಪಸ್ ಕರೆಯಲು ಅವರಿಗೂ ಟೈಮ್ ಬೇಕು.)

ಭಾನುವಾರ ಸಹಿ. ಸಹಿಯಾದ ಮೇಲೆ ಅಕ್ಕನ ಮಷಿನ್ ಮಾರುವುದು ಅಂತ ನಿಶ್ಚಯವಾಗಿತ್ತು. ನಿಶ್ಚಯ ಮಾಡಿದವನು ನಾನೇ. ವಯಸ್ಸಾಯಿತು, ಆರಾಮಾಗಿರು, ಕಣ್ಣಿಗೂ ಒಳ್ಳೆಯದು ಅಂತ ಅಕ್ಕನಿಗೆ ಪುಕ್ಕಟೆ ಉಪದೇಶವನ್ನೂ ಮಾಡಿದ್ದೆ. ಅವಳು ತಿರುಗುತ್ತಿದ್ದ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

“ಮೂರ ಸೈಜ್ ಅದಾವಂತ ಕುದುರಿಗಳಿಗೆ ಯಾರು ಹೇಳ್ತಾರ?”

ನಾನು ನಕ್ಕೆ. ಅವಳು ನಗಲಿಲ್ಲ. ಎದ್ದು ಹೋಗಿ ಡಬ್ಬಿ ತಂದು ಮಷಿನ್ನಿಗೆ ಎಣ್ಣೆ ಬಿಟ್ಟಳು. ಮಾರುವ ಮಷಿನ್ನಿಗೆ ಯಾರಾದರೂ ಎಣ್ಣೆ ಬಿಡುತ್ತಾರಾ?

ಆ ಭಾನುವಾರವೇ ಮುಂಬೈಯಲ್ಲಿ ಡರ್ಬಿ. ನಾನು ಬಟ್ಟೆ ತೊಡಿಸಿದ ಐದು ಕುದುರೆಗಳು ಓಡುತ್ತಿದ್ದವು. ನನ್ನ ವ್ಯವಹಾರ ಎಂಥ ದೊಡ್ಡದು ಅಂತ ಖನ್ನಾನಿಗೆ ತೋರಿಸಬೇಕಲ್ಲ? ಸಹಿಗೆ ಮುಂಚೆ ರೇಟು ಇನ್ನಷ್ಟು ಇಳಿದರೆ ಬೇಡ ಅನ್ನುತ್ತೇನಾ? ಅವನನ್ನು ಟಿವಿ ಮುಂದೆ ಕೂರಿಸಿ, ಕೈಗೆ ಅವಲಕ್ಕಿ ಪ್ಲೇಟು ಕೊಟ್ಟೆ. ರೇಸಿನ ಪುಸ್ತಕ ತರಲಿಲ್ಲ. ಮನೆಯ ಮಕ್ಕಳ ಹೆಸರು ಹೇಳಲು ಯಾರಾದರೂ ರೇಷನ್ ಕಾರ್ಡ್ ನೋಡುತ್ತಾರಾ?

ಮೆರೂನ್ ಜೂಲು, ಹಳದಿ ಅಂಚು ಅಂದರೆ ಮಿಸ್ಟರ್ ಗವರ್ನರ್. ನೀಲಿಗೆ ಬಿಳಿ ಪಟ್ಟಿ, ಬ್ಲೂ ಲೆಜರ್. ಹಸಿರು ಚೌಕಳಿ, ಜಾಸ್ಮಿನ್ ಎಕ್ಸ್‌ಪ್ರೆಸ್. ಎಲ್ಲ ಬಾಯಿಪಾಠ.

ಕುದುರೆಗಳು ಬಂದವು. ಒಂದರ ಮೈಮೇಲೂ ಜೂಲಿಲ್ಲ.

ಓಡುವ ದಿನ ಜೂಲು ತೆಗೆಯುತ್ತಾರೆ ಅನ್ನುವುದು ಹದಿನೆಂಟು ವರ್ಷದಲ್ಲಿ ನನ್ನ ತಲೆಗೇ ಹೊಳೆದಿರಲಿಲ್ಲ. ಒಂದು ಕಂದು ಕುದುರೆ. ಅದರ ಹಿಂದೆ ಇನ್ನೊಂದು ಕಂದು. ಅದರ ಹಿಂದೆ, ಬದಲಾವಣೆ ಇರಲಿ ಅಂತ, ಸ್ವಲ್ಪ ಹೆಚ್ಚು ಕಂದು. ಬೆನ್ನ ಮೇಲೆ ನಂಬರೇನೋ ಇತ್ತು. ಯಾವ ನಂಬರ್ ಯಾರದು ಅನ್ನುವುದು ನಾನು ತರದ ಪುಸ್ತಕದಲ್ಲಿತ್ತು. ಕಾಮೆಂಟರಿಯವನ ಇಂಗ್ಲಿಷ್ ಕುದುರೆಗಳಿಗಿಂತ ಮೊದಲೇ ಓಟ ಶುರು ಮಾಡಿತ್ತು.

ನಿಮ್ಮದು ಯಾವುದು ಅಂತ ಖನ್ನಾ ಹಿಂದಿಯಲ್ಲಿ ಕೇಳಿದ. ಹೊಳೆಯುವ ಒಂದಕ್ಕೆ ಬೆರಳು ತೋರಿಸಿ, ಇದೇ ಬ್ಲೂ ಲೆಜರ್, ಮರಿ ಇದ್ದಾಗಿನಿಂದ ನೋಡಿದ್ದೇನೆ ಅಂದೆ. ಹಿಂದೆ ಚಹಾ ಹಿಡಿದು ಅಕ್ಕ ನಿಂತಿದ್ದಳು.

“ಅದಲ್ಲೋ ತಮ್ಮಾ. ಅದು ಗವರ್ನರ್. ಲೆಜರ್ ಹಿಂದ ಬರ್ಲಿಕತ್ತದ ನೋಡು, ಕುತ್ತಿಗಿ ಸಣ್ಣದು.”

ಅಷ್ಟರಲ್ಲಿ ಆ ಹೊಳೆಯುವ ಕುದುರೆಯ ಕೆಳಗೆ ಹೆಸರು ಮೂಡಿತು. ಮಿಸ್ಟರ್ ಗವರ್ನರ್.

ಅಕ್ಕ ಕಪ್ಪು ಕೆಳಗಿಟ್ಟು ಕೂತಳು. ಉಳಿದ ಮೂರನ್ನೂ ತೋರಿಸಿದಳು. ಯಾವುದರ ಎದೆ ಅಗಲ, ಯಾವುದಕ್ಕೆ ಟೇಪು ಕಚ್ಚುವ ಚಟ, ಎಲ್ಲ ಹೇಳಿದಳು. ಖನ್ನಾನಿಗೆ ಕನ್ನಡ ಬಾರದು. ನನ್ನ ವ್ಯವಹಾರದಲ್ಲಿ ನಾನೇ ದುಭಾಷಿ!

ಮಾನ ಉಳಿಸಿಕೊಳ್ಳಲು, ಗೆಲ್ಲುವುದು ಗವರ್ನರೇ ಅಂದೆ. ಅದರ ಜೂಲು ಎಲ್ಲಕ್ಕಿಂತ ದುಬಾರಿಯದು, ಇನ್ನೇನು ಆಧಾರ ಬೇಕು? ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ದಸರೆಯ ಹೊತ್ತಿಗೆ ಅದರ ಎಡ ಭುಜಕ್ಕೆ ಟೇಪು ಇಟ್ಟರೆ ನಡುಗುತ್ತಿತ್ತಂತೆ. ಅಲ್ಲಿ ಒಳಗಡೆ ಮೆತ್ತನೆಯ ಅರಿವೆ ಕೊಟ್ಟಿದ್ದಾಳಂತೆ. ನನಗೆ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಗೆಲ್ಲುವುದಾದರೆ ಜಾಸ್ಮಿನ್ ಅಂದಳು.

ಕೊನೆಯ ತಿರುವಿನಲ್ಲಿ ಗವರ್ನರ್ ನಮ್ಮ ಸಿಟಿ ಬಸ್ಸಿನ ಹಾಗೆ ಹಿಂದೆ ಬಿತ್ತು. ಜಾಸ್ಮಿನ್ ನಾಲ್ಕನೆಯದು. ಗೆದ್ದದ್ದು ಬೆಂಗಳೂರಿನಿಂದ ಬಂದ ಕುದುರೆ, ನಮ್ಮ ಕೈಯ ಒಂದು ದಾರವೂ ಅದರ ಮೈಗೆ ತಾಗಿಲ್ಲ. ಅಕ್ಕ, ತಮ್ಮ ಇಬ್ಬರೂ ಫೇಲ್ ಅಂತ ಖನ್ನಾ ನಕ್ಕ. ಅಕ್ಕ ಮಾತ್ರ ಟಿವಿಯ ಹತ್ತಿರ ಹೋಗಿ, ಕನ್ನಡಕ ಮೇಲೆತ್ತಿ, ಗೆದ್ದ ಕುದುರೆಯನ್ನು ನೋಡಿದಳು.

“ಎಂಬತ್ತು ಇಲ್ಲ ಇದು. ಎಪ್ಪತ್ತೊಂಬತ್ತೂವರಿ.”

ಇಂಚು, ಎದೆಯಿಂದ ಬಾಲದವರೆಗೆ. ನಾನು ಅನುವಾದಿಸಿದೆ. ಖನ್ನಾನ ನಗು ನಿಂತಿತು. ಎಷ್ಟಾದರೂ ವ್ಯಾಪಾರಿ. ಈ ಐದಕ್ಕೆ ನಮ್ಮ ಯಾವ ಸೈಜು ಕೂರುತ್ತದೆ, ಕೇಳಿ ಅಂದ. ಅಕ್ಕ ಅವನ ಸ್ಯಾಂಪಲ್ ಬಿಡಿಸಿ ಗೇಣು ಹಾಕಿ ನೋಡಿದಳು.

“ಲೆಜರ್‌ಗೆ ಮೀಡಿಯಂ ಬರ್ತದ. ಉಳಿದ ನಾಕಕ್ಕ ಎದಿ ಹಿಡೀತದ, ಇಲ್ಲಾ ಜಾರಿ ಹೊಟ್ಟಿ ಕೆಳಗ ಇಳೀತದ. ಕಾಲಾಗ ಸಿಕ್ಕು ಕುದುರಿ ಬಿತ್ತಂದ್ರ ಯಾರನ್ನ ಹಿಡೀತಾರ?”

ಇದನ್ನು ನಾನು ಅನುವಾದಿಸಲಿಲ್ಲ. ಅವಳ ಬೆರಳು ನನ್ನ ಕಡೆಗಿತ್ತು, ಅವನಿಗೆ ತಿಳಿಯಿತು.

ಖನ್ನಾ ಸಹಿಯಾಗದ ಕಾಗದ ಮಡಚಿ ಚೀಲಕ್ಕೆ ಹಾಕಿದ. ಆಮೇಲೆ ನನ್ನನ್ನು ದಾಟಿ ನೇರವಾಗಿ ಅಕ್ಕನಿಗೆ ಹೇಳಿದ: ನಮ್ಮ ಫ್ಯಾಕ್ಟರಿಗೆ ಕಟಿಂಗ್ ಮಾಸ್ಟರ್ ಆಗಿ ಬನ್ನಿ, ರೂಮು ಕೊಡುತ್ತೇವೆ, ಕೈಕೆಳಗೆ ಆರು ಜನ. ಅಕ್ಕನಿಗೆ ಹಿಂದಿ ಎಲ್ಲಿ ಬರಬೇಕು ಅಂತ ನಾನು ಅನುವಾದದ ಗೋಜಿಗೆ ಹೋಗಲಿಲ್ಲ. ಹದಿನೆಂಟು ವರ್ಷ ಲಾಯದವರ ಜೊತೆ ಮಾತಾಡಿದವಳು ಅವಳು. ವಿಚಾರ ಮಾಡಿ ಹೇಳುತ್ತೇನೆ ಅಂತ ಚೊಕ್ಕ ಹಿಂದಿಯಲ್ಲಿ ಉತ್ತರಿಸಿದಳು. ಅವನು ಹೋದ ಮೇಲೆ ಅವಳೂ ಎದ್ದಳು. ಪಕ್ಕದ ಮನೆಯಿಂದ ರೈಲ್ವೆ ಟೈಮ್‌ಟೇಬಲ್ ಇಸಿದುಕೊಂಡು ಬರುತ್ತಾಳಂತೆ.

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳತೊಡಗಿದಳು. ಬಹಳ ನಿಧಾನವಾಗಿ.

ನಾನು ಕರೆದೆ.

ಅವಳ ಷರತ್ತು ಎರಡು. ಮಷಿನ್ ಮಾರುವ ಮಾತು ಈ ಮನೆಯಲ್ಲಿ ಇನ್ನು ಬರಕೂಡದು. ಎರಡನೆಯದು, ಇಷ್ಟು ದಿನ ಲಾಯದ ಆಳು ಹಿಡಿಯುತ್ತಿದ್ದ ಟೇಪಿನ ಇನ್ನೊಂದು ತುದಿಯನ್ನು ಇನ್ನು ಮುಂದೆ ನಾನು ಹಿಡಿಯಬೇಕು. ಮಷಿನ್ನಿಗೆ ಹೊಸ ಮೋಟರ್ ಕೊಡಿಸುತ್ತೇನೆ, ಟೇಪು ಮಾತ್ರ ಬೇಡ ಅಂತ ಚೌಕಾಸಿಗಿಳಿದೆ.

“ಹಂಗಾರ ಖನ್ನಾಗ ಫೋನ್ ಹಚ್ಚು.”

ನಿನ್ನೆ ಹೋಗಿದ್ದೆವು. ಮುಂಬೈಗೆ ಹೋಗದೆ ಇಲ್ಲೇ ಉಳಿದ ಒಂದು ಕುದುರೆಯ ಅಳತೆ. ಎದೆಯ ಕಡೆ ಅಕ್ಕ, ಬಾಲದ ಕಡೆ ನಾನು. ಕಣ್ಣು ಮುಚ್ಚಿ ನಿಲ್ಲಬೇಡಿ ಶೇಟ್, ಕುದುರೆಗೆ ಹೆದರಿಕೆಯಾಗುತ್ತದೆ ಅಂತ ಲಾಯದ ಆಳು ಮರಾಠಿಯಲ್ಲಿ ನನಗೆ ಉಪದೇಶ ಮಾಡಿದ. ಕಣ್ಣು ತೆರೆದೆ. ಅದು ಕಂದು ಬಣ್ಣದ್ದಲ್ಲ, ಹುರಿದ ಕಾಫಿ ಬೀಜದ ಬಣ್ಣದ್ದು. ಹಿಂದಿನ ಎಡಗಾಲಿಗೆ ಬಿಳಿ ಕಾಲುಚೀಲ ಹಾಕಿದಂತೆ ಮಚ್ಚೆ. ಬಟ್ಟೆ ಇಲ್ಲದೆ ನಾನು ಗುರುತಿಸಬಲ್ಲ ಮೊದಲ ಕುದುರೆ.

ಅಂದಹಾಗೆ, ನಿಮ್ಮ ಅಂಗಡಿಯಲ್ಲಿ ಟೇಪು ಹಿಡಿಯುವವರು ಯಾರು?