ಪತ್ತೇದಾರಮ್ಮ ಓದದೆ ಬಿಟ್ಟ ಗರಗಸ

ಊರಲ್ಲಿ ಮರ ಕೊಯ್ಯುವವರೆಲ್ಲ ಅವಳನ್ನು ಪತ್ತೇದಾರಮ್ಮ ಅಂತಲೇ ಕರೆಯುತ್ತಾರೆ, ಅದೂ ಎದುರಿಗೇ. ಅವಳಿಗೇನೂ ಬೇಸರವಿಲ್ಲ. ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ, ಪಂಕ್ಚರ್ ಅಂಗಡಿಗೂ ಹೊಲಿಗೆ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಅವಳ ರಿಪೇರಿ ಅಂಗಡಿ ಇದೆ. ಒಂದು ಕಬ್ಬಿಣದ ಮೇಜು, ಮೇಜಿನ ಅಂಚಿಗೆ ಬಿಗಿದ, ಸಾಮಾನನ್ನು ಕಚ್ಚಿ ಹಿಡಿಯುವ ವೈಸ್, ಗೋಡೆಯ ತುಂಬ ಮೊಳೆಗೆ ತೂಗುಹಾಕಿದ ಚೈನುಗಳು, ಎಣ್ಣೆ ಕುಡಿದು ಕಪ್ಪಾದ ನೆಲ. ಚೈನ್ ಸಾ ಎಂಬ ಎಂಜಿನ್ ಗರಗಸ ಹೊತ್ತು ತಂದವನು "ಸ್ಟಾರ್ಟ್ ಆಗ್ತಿಲ್ಲ" ಎಂದು ಹೇಳಿ ಮುಗಿಸುವುದರೊಳಗೆ ಅವಳು ಮಿಷನ್ನನ್ನು ತಿರುಗಿಸಿ ಮುರುಗಿಸಿ ನೋಡಿ ಅವನ ಜಾತಕವನ್ನೇ ಬಿಚ್ಚಿಡುತ್ತಾಳೆ.

ಹಲ್ಲಿನ ತುದಿ ಒಂದೇ ಕಡೆ ಮೊಂಡಾಗಿದ್ದರೆ ಇವನು ದಿಮ್ಮಿ ಕೊಯ್ಯುವಾಗ ಚೈನನ್ನು ಮಣ್ಣಿಗೆ ತಾಗಿಸುತ್ತಾನೆ. ಎಡಸಾಲಿನ ಹಲ್ಲಿಗೆ ಅರ ಬಿದ್ದ ಓರೆ ಬೇರೆ, ಬಲಸಾಲಿನದು ಬೇರೆ ಇದ್ದರೆ ಈ ಮಿಷನ್ನನ್ನು ಮನೆಯಲ್ಲಿ ಇಬ್ಬರು ಹರಿತ ಮಾಡುತ್ತಾರೆ. ಚೈನ್ ಸುತ್ತಿ ಓಡುವ ಉದ್ದನೆಯ ಬಾರಿನ ಒಂದೇ ಅಂಚು ಸವೆದಿದ್ದರೆ ಅದನ್ನು ಆಗಾಗ ಮಗುಚಿ ಹಾಕಬೇಕು ಎನ್ನುವುದನ್ನು ಇವನಿಗೆ ಯಾರೂ ಹೇಳಿಲ್ಲ, ಅಥವಾ ಹೇಳಿದ್ದಾರೆ, ಇವನು ಕೇಳಿಲ್ಲ. ಮಿಷನ್ ಜೊತೆಗೆ ಬರುವ ಪುಸ್ತಕದಲ್ಲಿ ಇದೆಲ್ಲ ಚಿತ್ರಸಮೇತ ಇರುತ್ತದೆ. ಆದರೆ ಆ ಪುಸ್ತಕ ಯಾರ ಮನೆಗೆ ಹೋದರೂ ಅಲುಗುವ ಮಂಚದ ಕಾಲಡಿ ಸೇರುತ್ತದೆ. ಒಮ್ಮೆ ಒಬ್ಬ ದಪ್ಪ ಮೀಸೆಯವನು, ಮಿಷನ್ ಹಿಂದಕ್ಕೆ ಚಿಮ್ಮಿ ಒದ್ದಾಗ ಚೈನನ್ನು ನಿಲ್ಲಿಸುವ ಬ್ರೇಕು ಕೆಲಸಕ್ಕೆ ಅಡ್ಡ ಬರುತ್ತದೆ ಎಂದು ಅದನ್ನು ತಂತಿಯಿಂದ ಕಟ್ಟಿ ತಂದಿದ್ದ. ಅವಳು ತಂತಿ ಕತ್ತರಿಸಿ ಅವನ ಜೇಬಿಗೇ ಹಾಕಿ, ಮುಖಕ್ಕೆ ಮಿಷನ್ ಒದ್ದಾಗ ಈ ತಂತಿಯಿಂದಲೇ ಹೊಲಿಸಿಕೋ ಎಂದು ಕಳಿಸಿದ್ದಳು. ಆಮೇಲೆ ಅವನು ಗಲ್ಲಿಗೆಲ್ಲ ಅದನ್ನು ನಗುತ್ತಾ ಹೇಳಿಕೊಂಡು ತಿರುಗಿದ. ತಂತಿಯನ್ನು ಮಾತ್ರ ಮತ್ತೆ ಕಟ್ಟಲಿಲ್ಲ.

ಕೆಲಸ ಕಲಿಸಿದವನು ಅವಳ ಅಣ್ಣ. ಅಣ್ಣನದು ಮರ ಉರುಳಿಸುವ ಕೆಲಸ. ಮನೆಯ ಮೇಲೆ, ಕರೆಂಟ್ ತಂತಿಯ ಮೇಲೆ ವಾಲಿದ, ಬೇರೆ ಯಾರೂ ಮುಟ್ಟಲೊಪ್ಪದ ಮರಗಳನ್ನು ನಗರಸಭೆಯವರು ಅವನಿಗೇ ಕೊಡುತ್ತಾರೆ. ಹಗ್ಗದ ಕೆಲಸವೆಲ್ಲ ಅತ್ತಿಗೆಯದು. ಗಂಡ ಹೆಂಡತಿ ಇಬ್ಬರೂ ಒಂದೇ ವರ್ಷ, ಒಂದೇ ತರಬೇತಿ ಶಾಲೆಯಲ್ಲಿ ಮರ ಕೊಯ್ಯುವುದನ್ನು ಕಲಿತು ಪಾಸಾದವರು. ಆದರೂ ಅತ್ತಿಗೆಯ ಕೈಯಲ್ಲಿ ಹಗ್ಗ ಕಂಡ ಜನ ಅವಳಿಗೆ ಹಗ್ಗವಷ್ಟೇ ಗೊತ್ತು ಅಂದುಕೊಂಡಿದ್ದಾರೆ. ಅವಳೂ ತಿದ್ದಲು ಹೋಗಿಲ್ಲ. ಅಣ್ಣ ಜ್ವರ ಬಂದು ಮಲಗಿದ ದಿನಗಳಲ್ಲಿ ಹತ್ತಿಪ್ಪತ್ತು ಮರಗಳನ್ನು ಅವಳೇ ಸದ್ದಿಲ್ಲದೆ ಉರುಳಿಸಿ ಬಂದಿದ್ದಾಳೆ.

ಅಣ್ಣ ಒಂದು ಶನಿವಾರ ಮಧ್ಯಾಹ್ನ ಮಿಷನ್ ತಂದು ಮೇಜಿನ ಮೇಲಿಟ್ಟ. ಸೋಮವಾರ ಬೆಳಿಗ್ಗೆ ಗ್ರಂಥಾಲಯದ ಹಿಂದಿನ ದೊಡ್ಡ ಮರ ಇಳಿಸಬೇಕು, ಬುಡ ಅರ್ಧ ಟೊಳ್ಳು, ಕೊಂಬೆಯೆಲ್ಲ ಓದುವ ಕೋಣೆಯ ಹಂಚಿನ ಮೇಲೆಯೇ ಇದೆ, ಚೈನ್ ಸ್ವಲ್ಪ ಹರಿತ ಮಾಡಿಡು ಎಂದ. ಟೀ ತರಿಸುತ್ತೇನೆ ಎಂದರೂ ನಿಲ್ಲದೆ, ಬೇರೆ ಕೆಲಸವಿದೆ ಎಂದು ಹೊರಟೇಹೋದ.

ಅವಳ ಕಿವಿ ನೆಟ್ಟಗಾಯಿತು. ಅಣ್ಣ ತನ್ನ ಚೈನನ್ನು ಇಪ್ಪತ್ತೆರಡು ವರ್ಷಗಳಿಂದ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಈ ಅಂಗಡಿಗೆ ಬಂದರೂ ತಾನೇ ವೈಸಿಗೆ ಬಿಗಿದು, ತಾನೇ ಪ್ರತಿ ಹಲ್ಲಿಗೂ ಲೆಕ್ಕವಾಗಿ ಮೂರು ಸಲ ಅರ ಎಳೆದು, ಬೆರಳಿಂದ ಸವರಿ ನೋಡಿ, ತಂಗಿಯ ಕೆಲಸಕ್ಕೆ ಒಂದೆರಡು ಕೊಂಕು ಮಾತಾಡಿ ಹೋಗುವವನು. ಅಂಥವನು ಹರಿತ ಮಾಡಿಡು ಅನ್ನುವುದೆಂದರೇನು?

ಪಕ್ಕದಲ್ಲಿದ್ದ ಕೆಲಸ ಬದಿಗಿಟ್ಟು ಅವಳು ಮಿಷನ್ನನ್ನು ಹತ್ತಿರಕ್ಕೆಳೆದುಕೊಂಡಳು. ಮೊದಲು ಚೈನ್. ಒಂದು ಹಲ್ಲು ಉದ್ದ, ಪಕ್ಕದ್ದು ಗಿಡ್ಡ, ಮತ್ತೊಂದರ ಮೇಲೆ ಅರ ಜಾರಿದ ಗೀರು. ಕಲಿಯಲು ಬಂದವರ ಚೈನ್ ಹೀಗಿರುತ್ತದೆ. ಬಾರಿನ ನಟ್ಟುಗಳ ಮೂಲೆಗಳು ಸ್ಪ್ಯಾನರ್ ಜಾರಿ ಜಾರಿ ದುಂಡಗಾಗಿದ್ದವು. ಮುಂದಿನ ಹಿಡಿಯನ್ನು ಎಡಗೈ ಹಿಡಿಯುತ್ತದೆ, ಹೆಬ್ಬೆರಳು ಕೆಳಗಿನಿಂದ ಸುತ್ತಿ ಬರಬೇಕು, ಇಲ್ಲದಿದ್ದರೆ ಮಿಷನ್ ಒದ್ದಾಗ ಕೈ ಕಳಚಿಹೋಗುತ್ತದೆ. ಅವಳು ಹದಿನೆಂಟರ ಹುಡುಗಿಯಾಗಿದ್ದಾಗ ಅಣ್ಣ ಅವಳ ಹೆಬ್ಬೆರಳನ್ನೇ ಹಿಡಿದು ಸುತ್ತಿಸಿ ಕಲಿಸಿದ ಮೊದಲ ಪಾಠ ಅದು. ಈಗ ಅವನದೇ ಹಿಡಿಯಲ್ಲಿ ಹೆಬ್ಬೆರಳು ಸುತ್ತುವ ಜಾಗಕ್ಕೆ ಧೂಳು ಕಟ್ಟಿತ್ತು. ಮೇಲುಭಾಗ ಮಾತ್ರ ಉಜ್ಜಿ ಹೊಳೆಯುತ್ತಿತ್ತು.

ಹಿಂದಿನ ಹಿಡಿಯನ್ನು ತಿರುಗಿಸಿದಳು. ಆ ಹಿಡಿಯ ಬೆನ್ನ ಮೇಲೆ ಒಂದು ಪಟ್ಟಿ ಇರುತ್ತದೆ. ಅಂಗೈ ಅದನ್ನು ಒತ್ತಿದ್ದರೆ ಮಾತ್ರ ಕೆಳಗಿನ ಎಕ್ಸಲೇಟರ್ ಕೆಲಸ ಮಾಡುತ್ತದೆ, ಕೈ ಬಿಟ್ಟರೆ ತಾನಾಗಿ ಬೀಗ ಬೀಳುತ್ತದೆ. ಆ ಪಟ್ಟಿಯನ್ನು ಅದುಮಿ ಹಿಡಿದು, ಮೇಲೆ ಕಪ್ಪು ಟೇಪನ್ನು ನೀಟಾಗಿ ಮೂರು ಸುತ್ತು ಸುತ್ತಲಾಗಿತ್ತು.

ದಪ್ಪ ಮೀಸೆಯವನು ಮಾಡುವ ಕೆಲಸವಿದು, ಅಣ್ಣ ಮಾಡುವುದಲ್ಲ. ಬೇರೆ ಯಾರದೋ ಮಿಷನ್ ಆಗಿದ್ದರೆ ಅವಳು ಇಷ್ಟು ಹೊತ್ತಿಗೆ ತೀರ್ಪು ಕೊಟ್ಟುಬಿಡುತ್ತಿದ್ದಳು: ಈ ಮನುಷ್ಯನ ಕೈಯಲ್ಲಿ ಬಲವಿಲ್ಲ, ಬೆರಳಿಗೆ ಸ್ಪರ್ಶವಿಲ್ಲ. ತೀರ್ಪು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

ಅವಳ ಬಳಿ ರಿಪೇರಿಯ ಪುಸ್ತಕವೊಂದಿದೆ. ಯಾವ ಮಿಷನ್ನಿಗೆ ಯಾವಾಗ ಏನು ಮಾಡಿದೆ ಎಂದು ಬರೆದಿಡುತ್ತಾಳೆ, ಕುತೂಹಲಕ್ಕೆ. ಅಣ್ಣನ ಹಾಳೆ ತೆಗೆದಳು. ಹೋದ ವರ್ಷ ಶುರುವಿನಲ್ಲಿ, ಎಳೆದು ಸ್ಟಾರ್ಟ್ ಮಾಡುವ ಹಗ್ಗಕ್ಕೆ ದೊಡ್ಡ ಹಿಡಿ ಬೇಕೆಂದ, ಹಾಕಿಕೊಟ್ಟಿದ್ದಳು. ನಾಲ್ಕು ತಿಂಗಳ ನಂತರ ಎಕ್ಸಲೇಟರ್ ಗಟ್ಟಿ ಅನಿಸುತ್ತದೆ ಎಂದ, ಹುಡುಕಿ ಹುಡುಕಿ ಮೆತ್ತನೆಯ ಸ್ಪ್ರಿಂಗ್ ಹೊಂದಿಸಿದ್ದಳು. ಆಮೇಲೆ ಹಿಡಿಗಳು ತೆಳ್ಳಗಿವೆ ಎಂದ, ರಬ್ಬರ್ ಪಟ್ಟಿ ಸುತ್ತಿಕೊಟ್ಟಿದ್ದಳು. ಒಂದೊಂದು ಸಲವೂ ಅದೊಂದು ಬಿಡಿಸಬೇಕಾದ ಒಗಟಿನಂತೆ ಕಂಡಿತ್ತು. ಬಿಡಿಸಿದಾಗ ಅಣ್ಣ ಭೇಷ್ ಎಂದಿದ್ದ, ಅವಳು ಉಬ್ಬಿಹೋಗಿದ್ದಳು. ಊರವರ ಮಿಷನ್ನಿನಲ್ಲೆಲ್ಲ ಮೂಗು ತೂರಿಸಿ ಯಾಕೆ, ಯಾಕೆ ಎಂದು ಕೇಳುವವಳು ಅಣ್ಣನನ್ನು ಒಂದು ಸಲವೂ ಯಾಕೆ ಎಂದು ಕೇಳಿರಲಿಲ್ಲ. ಅವನ ಕೈ ಸೋಲುತ್ತಾ ಬಂದಷ್ಟೂ ಅದು ಯಾರಿಗೂ ಕಾಣದ ಹಾಗೆ ಮಿಷನ್ನನ್ನು ಇವಳೇ ಒಗ್ಗಿಸಿಕೊಟ್ಟಿದ್ದಳು. ಟೇಪು ಮಾತ್ರ ಅವನ ಕೈಕೆಲಸ. ಅದನ್ನು ತಂಗಿಯ ಹತ್ತಿರ ಕೇಳಲು ಅವನಿಗೆ ನಾಚಿಕೆಯಾಗಿರಬೇಕು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಭಾನುವಾರ ಮಿಷನ್ ಒಯ್ಯಲು ಅಣ್ಣ ಅತ್ತಿಗೆ ಇಬ್ಬರೂ ಬಂದರು. ಅಷ್ಟು ಹೊತ್ತಿಗೆ ಅವಳು ಟೇಪು ಕಿತ್ತು, ರಬ್ಬರ್ ಬಿಚ್ಚಿ, ಹಳೆಯ ಸ್ಪ್ರಿಂಗನ್ನೇ ಮತ್ತೆ ಕೂಡಿಸಿ, ಹೊಸ ಚೈನ್ ಹಾಕಿ ಇಟ್ಟಿದ್ದಳು. ಎಂಜಿನ್ ಚಾಲೂ ಮಾಡುವುದು ಬೇಡ, ಸುಮ್ಮನೆ ಹಿಡಿದು ಎಕ್ಸಲೇಟರ್ ಒತ್ತಿ ನೋಡು ಎಂದಳು. ಅಣ್ಣ ಮಿಷನ್ ನೋಡಿದ, ಟೇಪು ಇದ್ದ ಜಾಗ ನೋಡಿದ, ತಂಗಿಯನ್ನು ನೋಡಲಿಲ್ಲ. ಇದರಲ್ಲೇನು ನೋಡುವುದು, ಹೊತ್ತಾಯಿತು ಎಂದು ಮಾತು ಮರೆಸಲು ಹೋದ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಿದ್ದಳು, ಬೇಕೆಂದೇ ನಿಂತಳೋ ಏನೋ.

"ಒತ್ತು ಅಣ್ಣ," ಎಂದಳು ತಂಗಿ.

ಅವನು ಹಿಡಿದ. ಅಂಗೈ ಪಟ್ಟಿಯನ್ನು ಅದುಮಿತು, ಬೆರಳು ಎಕ್ಸಲೇಟರ್ ಹುಡುಕಿತು, ಅದು ಸಿಗುವಷ್ಟರಲ್ಲಿ ಅಂಗೈ ಸಡಿಲವಾಯಿತು. ಮತ್ತೆ ಹಿಡಿದ. ತೋರುಬೆರಳು ಎಕ್ಸಲೇಟರಿನ ಪಕ್ಕದ ಪ್ಲಾಸ್ಟಿಕನ್ನು ಒತ್ತುತ್ತಿತ್ತು, ಅದು ಅವನಿಗೆ ತಿಳಿಯಲಿಲ್ಲ, ಕಣ್ಣಿಂದ ನೋಡಿ ಸರಿಪಡಿಸಿಕೊಂಡ. ಮೂರನೆಯ ಸಲ ಹಣೆಯಲ್ಲಿ ಬೆವರೊಡೆಯಿತು. ಮಿಷನ್ನನ್ನು ಮೇಜಿನ ಮೇಲಿಟ್ಟು ಸ್ಟೂಲಿನಲ್ಲಿ ಕೂತುಬಿಟ್ಟ.

ಅವಳಿಗೆ ಅಳು ಒತ್ತರಿಸಿ ಬಂದಿತ್ತು. ಆದರೆ ಬಾಯಿಗೆ ಬಂದದ್ದು ಅವಳು ಗಿರಾಕಿಗಳನ್ನು ಕೇಳುವಂಥದೇ ಪ್ರಶ್ನೆ. "ಯಾವ ಬೆರಳಿಂದ ಶುರುವಾಯ್ತು?"

ಅಣ್ಣ ತಲೆಯೆತ್ತಿದ. ಅಯ್ಯೋ ಪಾಪ ಅನ್ನುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದನೋ ಏನೋ, ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಎಡಗೈ ಉಂಗುರದ ಬೆರಳು ಎಂದ. ಮೂರು ವರ್ಷದ ಹಿಂದೆ ಚಳಿಯ ಬೆಳಿಗ್ಗೆ ತುದಿ ಸುಣ್ಣದ ಹಾಗೆ ಬೆಳ್ಳಗಾಗುತ್ತಿತ್ತು, ಬಿಸಿಲೇರಿದ ಮೇಲೆ ಸರಿಹೋಗುತ್ತಿತ್ತು. ಆಮೇಲೆ ಪಕ್ಕದ ಬೆರಳು, ಆಮೇಲೆ ಬಲಗೈ. ಮಿಷನ್ನಿನ ಅದುರು ಇಷ್ಟು ವರ್ಷ ಬೆರಳೊಳಗೆ ಇಳಿದು ಇಳಿದು ಹೀಗಾಗಿದೆ ಎಂದು ಅವನಿಗೆ ಗೊತ್ತಿತ್ತು, ತರಬೇತಿಯಲ್ಲೇ ಹೇಳಿದ್ದರು. ಡಾಕ್ಟರ ಬಳಿ ಹೋದರೆ ಮಿಷನ್ ಬಿಡು ಅನ್ನುತ್ತಾರೆ, ಅದಕ್ಕೇ ಹೋಗಿರಲಿಲ್ಲ. ಅವಳು ಒಂದೊಂದೇ ಕೇಳುತ್ತಾ ಹೋದಳು. ಮುಳ್ಳು ಚುಚ್ಚಿದರೆ ಗೊತ್ತಾಗುತ್ತದೆಯೇ, ಗುಂಡಿ ಹಾಕಿಕೊಳ್ಳಲು ಆಗುತ್ತದೆಯೇ. ಗುಂಡಿಯನ್ನು ಒಂದು ವರ್ಷದಿಂದ ನಾನೇ ಹಾಕುತ್ತಿದ್ದೇನೆ ಎಂದಳು ಅತ್ತಿಗೆ. ಯಾರಿಗೂ ಹೇಳಕೂಡದು ಎಂದು ಗಂಡ ಆಣೆ ಹಾಕಿಸಿದ್ದನಂತೆ. ಅದಕ್ಕೇ ಈ ಸಲ ಚೈನನ್ನು ಪತ್ತೇದಾರಮ್ಮನೇ ಹರಿತ ಮಾಡಲಿ ಎಂದು ಹಟ ಹಿಡಿದು ಅವನನ್ನು ಇಲ್ಲಿಗೆ ಕಳಿಸಿದ್ದು ತಾನೇ ಎಂದಳು. ಹೇಳಬಾರದು ಎಂದು ಆಣೆಯಿತ್ತು, ತೋರಿಸಬಾರದು ಎಂದು ಇರಲಿಲ್ಲವಲ್ಲ.

ಅಣ್ಣ ಹೆಂಡತಿಯನ್ನು ದುರುಗುಟ್ಟಿಕೊಂಡು ನೋಡಿದ. ಆಮೇಲೆ ಆ ನೋಟ ಇಳಿದುಹೋಯಿತು.

"ಹೋದ ವಾರ ಬಾರಿನ ತುದಿ ಕೊಂಬೆಗೆ ತಾಗಿ ಒದೀತು," ಎಂದ. "ಬ್ರೇಕ್ ಬಿತ್ತು, ಬಚಾವಾದೆ. ನೋಡಿದ್ರೆ ನನ್ನ ಎಡಗೈ ಹಿಡಿ ಮೇಲೇ ಇಲ್ಲ. ಯಾವಾಗ ಬಿಟ್ಟಿತೋ ನಂಗೆ ಗೊತ್ತೇ ಇಲ್ಲ ಕಣೇ."

ನಾಳೆಯ ಮರದ ಮಾತು ಬಂತು. ಮುಂದೂಡುವಂತಿರಲಿಲ್ಲ, ಬುಡ ಬಿರುಕು ಬಿಟ್ಟು ಗ್ರಂಥಾಲಯಕ್ಕೆ ಬೀಗ ಹಾಕಿ ಆಗಲೇ ವಾರವಾಗಿತ್ತು. ಅತ್ತಿಗೆ ಮೇಜಿನ ಬಳಿ ಬಂದು ಮಿಷನ್ ಎತ್ತಿಕೊಂಡಳು. ಹೆಬ್ಬೆರಳು ಸುತ್ತಿ ಮುಂದಿನ ಹಿಡಿ ಹಿಡಿದಳು, ಹಿಂದಿನ ಪಟ್ಟಿ ಅದುಮಿ ಎಕ್ಸಲೇಟರ್ ಒತ್ತಿದಳು. ಸ್ಪ್ರಿಂಗ್ ಟಕ್ ಎಂದಿತು. ನಗರಸಭೆಯವರು ಒಪ್ಪಬೇಕಲ್ಲ ಎಂದ ಅಣ್ಣ. ಸರ್ಟಿಫಿಕೇಟು ಇಬ್ಬರದೂ ಒಂದೇ ಚೌಕಟ್ಟಿನಲ್ಲಿ ಗೋಡೆಯ ಮೇಲಿದೆ, ಇಳಿಸಿಕೊಂಡು ಹೋಗಿ ತೋರಿಸಿ ಎಂದಳು ಅತ್ತಿಗೆ.

ಇಷ್ಟು ವರ್ಷ ಮಿಷನ್ನುಗಳ ಹೊಟ್ಟೆ ಬಗೆದವಳು ಮರ ಬೀಳುವುದನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ಸೋಮವಾರ ಅಂಗಡಿಗೆ ಬೀಗ ಹಾಕಿ ತಾನೂ ಹೋದಳು. ಮರದ ಎತ್ತರದ ಎರಡರಷ್ಟು ದೂರದಲ್ಲಿ ಹಗ್ಗ ಎಳೆದು ಜನರನ್ನು ತಡೆದಿದ್ದರು, ಅವಳನ್ನೂ ಅಲ್ಲೇ ತಡೆದರು. ಮರಕ್ಕೆ ಕಟ್ಟಿದ ಉಕ್ಕಿನ ಹಗ್ಗವನ್ನು ನಗರಸಭೆಯ ನಾಲ್ವರು ರಾಟೆಯಿಂದ ಬಿಗಿಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದರು. ಅಣ್ಣ ಮರಕ್ಕೆ ಎರಡು ಸುತ್ತು ಬಂದು, ಸುತ್ತಿಗೆಯಿಂದ ಬುಡವನ್ನು ಅಲ್ಲಲ್ಲಿ ಬಡಿದು ಕಿವಿಗೊಟ್ಟು ಕೇಳಿ, ಟೊಳ್ಳು ಎಲ್ಲಿಂದ ಎಲ್ಲಿವರೆಗೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಸೀಮೆಸುಣ್ಣ ಎರಡು ಸಲ ಕೈಯಿಂದ ಬಿತ್ತು. ಎತ್ತಿಕೊಂಡ, ಮುಚ್ಚಿಡಲು ಹೋಗಲಿಲ್ಲ. ಮರ ಬೀಳತೊಡಗಿದಾಗ ಹೆಂಡತಿಗೆ ಹಿಂದಕ್ಕೆ ಓರೆಯಾಗಿ ಸರಿಯಲು ದಾರಿಯನ್ನು ಮೊದಲೇ ಸವರಿಸಿಟ್ಟ. ಆಮೇಲೆ ದೂರ ನಿಂತು ಮರದ ನೆತ್ತಿಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ನಿಂತ.

ಹೆಲ್ಮೆಟ್, ಕಿವಿಮುಚ್ಚಳ, ದಪ್ಪ ಪ್ಯಾಂಟು ತೊಟ್ಟ ಅತ್ತಿಗೆ ಬೇರೆಯವಳೇ ಆಗಿ ಕಂಡಳು. ಎರಡು ಹೆಜ್ಜೆ ನಡೆಯುವುದಿದ್ದರೂ ಮೊದಲು ಮಿಷನ್ನಿಗೆ ಬ್ರೇಕು ಹಾಕುತ್ತಿದ್ದಳು. ಬೀಳಬೇಕಾದ ದಿಕ್ಕಿಗೆ ಬಾಯಿ ತೆರೆದಂತೆ ಒಂದು ಕಚ್ಚು ಕೊಯ್ದಳು, ಹಿಂದಿನಿಂದ ಕೊಯ್ಯುತ್ತಾ ನಡುವೆ ನಾಲ್ಕು ಬೆರಳಗಲ ಮರವನ್ನು ಹಾಗೇ ಉಳಿಸಿದಳು, ಬೆಣೆ ಹೊಡೆದಳು. ಹಿಂದೆ ಸರಿ ಎನ್ನುವ ಸನ್ನೆಗೆ ಅಣ್ಣನ ಕೈ ಮೇಲೆದ್ದಿತು. ಅವಳು ಮಿಷನ್ ನಿಲ್ಲಿಸಿ ಸವರಿದ ದಾರಿಯಲ್ಲಿ ಹಿಂದೆ ಸರಿದಳು, ಹಗ್ಗ ಬಿಗಿಯಿತು, ಮರ ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಗ್ರಂಥಾಲಯಕ್ಕೆ ಬೆನ್ನು ತಿರುಗಿಸಿ ಖಾಲಿ ಅಂಗಳದಲ್ಲಿ ಮಲಗಿತು. ಹಂಚಿನ ಮೇಲೆ ನಾಲ್ಕು ಎಲೆ ಬಿದ್ದಿರಬಹುದು.

ಜನ ಚಪ್ಪಾಳೆ ತಟ್ಟಿದರು. ಅಣ್ಣನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ನೆಟ್ಟಗೆ ಹೆಂಡತಿಯ ಬಳಿ ಹೋಗಿ ಕೈಗವಸು ಕಳಚು ಎಂದ. ಅಷ್ಟರಲ್ಲಿ ತಂಗಿಯೂ ಹಗ್ಗ ದಾಟಿ ಹತ್ತಿರ ಬಂದಿದ್ದಳು. ಅಣ್ಣ ಅತ್ತಿಗೆಯ ಕೈಗಳನ್ನು ತನ್ನ ಎರಡೂ ಅಂಗೈಯ ಮೇಲೆ ಇಟ್ಟುಕೊಂಡು, ಬೆಳಕಿನ ಕಡೆ ತಿರುಗಿಸಿ, ಮುಖ ತೀರಾ ಹತ್ತಿರ ತಂದು ಒಂದೊಂದೇ ಬೆರಳಿನ ತುದಿ ನೋಡಿದ.

"ಮುಟ್ಟಿದ್ರೆ ನಂಗೆ ತಿಳಿಯಲ್ಲ," ಎಂದ. "ನೋಡಿಯೇ ಹೇಳ್ಬೇಕು. ಒಂದೇ ಒಂದು ಬೆರಳು ಬೆಳ್ಳಗಾದ್ರೂ ನಂಗೆ ಹೇಳು. ನನ್ ಥರ ಮಾಡ್ಬೇಡ."

ಅವನು ಇನ್ನೊಂದು ಬದಿಯನ್ನೂ ನೋಡಲಿ ಎಂದು ಅತ್ತಿಗೆ ಕೈಗಳನ್ನು ಮಗುಚಿ ಹಿಡಿದಳು.