ವೆಲ್ಮಾ ಗಾಡಿಯಿಂದ ಇಳಿದದ್ದು

ಡೆಮಿಂಗ್ ಊರಿನ ಕೊನೆಯ ಬೀದಿಯಲ್ಲಿ ಆರ್ಲೊ ಹ್ಯಾಸ್ಕೆಟ್ ಮತ್ತು ಅವನ ಹೆಂಡತಿ ವೆಲ್ಮಾ ಮನೆ ಕೊಂಡು ತಿಂಗಳಾಗುತ್ತ ಬಂದಿತ್ತು. ಆದರೆ ಆ ಮನೆಯೊಳಗೆ ಮಲಗುತ್ತಿದ್ದವನು ಆರ್ಲೊ ಒಬ್ಬನೇ. ವೆಲ್ಮಾ ಅಂಗಳದಲ್ಲಿ ನಿಂತ ಗಾಡಿಯಲ್ಲೇ ಮಲಗುತ್ತಿದ್ದಳು.

ಗಾಡಿ ಬಸ್ಸಿನಷ್ಟು ಉದ್ದ. ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಅದರ ಹೊಟ್ಟೆಯಲ್ಲೇ ಇದ್ದವು. ನೆಬ್ರಾಸ್ಕದ ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಹಾಕಿ ದಣಿದ ವೆಲ್ಮಾ, ಕರೆಂಟು ಕಂಬ ಹತ್ತಿಳಿದು ಮಂಡಿ ಸವೆಸಿಕೊಂಡ ಆರ್ಲೊ, ಇಬ್ಬರೂ ಹಳೆಯ ಮನೆ ಮಾರಿ ಅದನ್ನು ಹತ್ತಿದ್ದರು. ಆಮೇಲೆ ಹದಿನೈದು ವರ್ಷ ಇಳಿಯಲಿಲ್ಲ. ಚಳಿಗೆ ಅರಿಜೋನದ ಮರಳುಗಾಡು, ಬೇಸಿಗೆಗೆ ಆರೆಗನ್ ಕಾಡಿನಲ್ಲಿ ಇಂಥ ಗಾಡಿಗಳ ತಂಗುದಾಣದಲ್ಲಿ ಬಂದವರಿಗೆ ಜಾಗ ತೋರಿಸುವ ಕೆಲಸ, ಸುಗ್ಗಿ ಬಂತೆಂದರೆ ಉತ್ತರ ಡಕೋಟದಲ್ಲಿ ಬೀಟ್‌ಗೆಡ್ಡೆಯ ಬೆಟ್ಟದಂಥ ರಾಶಿಗಳ ನಡುವೆ ದುಡಿಮೆ. ವೆಲ್ಮಾಳ ನಿದ್ದೆಯಲ್ಲಿ ಈ ಊರುಗಳೆಲ್ಲ ಒಂದರೊಳಗೊಂದು ಕರಗುತ್ತಿದ್ದವು. ಡಕೋಟದ ಹೊಲದಂಚಿಗೆ ಆರೆಗನ್ನಿನ ಕಡಲು ಬಂದು ನಿಲ್ಲುತ್ತಿತ್ತು. ಮರಳಿನ ಮೇಲೆ ಹಿಮ ಬೀಳುತ್ತಿತ್ತು, ಅದು ಬೆಚ್ಚಗಿರುತ್ತಿತ್ತು.

ಗಾಡಿ ಓಡಿಸುವವನು ಆರ್ಲೊ, ನಕ್ಷೆ ಹಿಡಿಯುವವಳು ವೆಲ್ಮಾ. ಕಳೆದ ಶರತ್ಕಾಲದಲ್ಲಿ ಆರ್ಲೊನ ಕಣ್ಣ ನಡುವೆ ಒಂದು ಮಂಜಿನ ಗುಂಡು ಕೂತಿತು. ಅಂಚಿನಲ್ಲಿರುವುದು ಕಾಣುತ್ತಿತ್ತು, ಎದುರಿಗಿರುವುದು ಮಾಯ. ಈಗಂತೂ ಅವನು ನೆಟ್ಟಗೆ ಹೇಳಿಬಿಟ್ಟಿದ್ದ.

"ನಾನಿನ್ನು ಗಾಡಿ ಹತ್ತಲ್ಲ ಕಣೇ ವೆಲ್. ನನ್ನ ಕಣ್ಣು ರಸ್ತೆಗೆ ಸಾಕಾಗಲ್ಲ. ನಾನು ಒಳಗೇ ಇರ್ತೀನಿ. ನಿನಗೆ ಯಾವಾಗ ಬರಬೇಕು ಅನ್ಸುತ್ತೋ ಬಾ. ಬರಲೇಬೇಕು ಅಂತ ನಾನು ಹೇಳಲ್ಲ, ಆದ್ರೆ ಹಾಸಿಗೆ ತುಂಬಾ ದೊಡ್ಡದಾಯ್ತು."

ಈಸ್ಟರ್ ಕಳೆದ ಮೇಲೆ ಟೂಸಾನಿನಿಂದ ಒಂದು ಹೊಸ ಜೋಡಿ ಗಾಡಿ ಕೊಳ್ಳಲು ಬರುವುದಿತ್ತು. ಕೊಡುತ್ತೇವೆಂದು ವೆಲ್ಮಾ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಮನೆಯೊಳಗೆ ಕಾಲಿಟ್ಟರೆ ಅವಳಿಗೆ ಗೋಡೆಗಳು ದೂರ ಸರಿದಂತಾಗುತ್ತಿತ್ತು. ಕೈ ಚಾಚಿದರೆ ಏನೂ ಸಿಗದು. ಸ್ನಾನದಲ್ಲಿ ಸೋಪು ಹಚ್ಚಿಕೊಳ್ಳುವಾಗ ನೀರು ನಿಲ್ಲಿಸುವಳು, ಗಾಡಿಯ ನೀರಿನ ತೊಟ್ಟಿ ಬರಿದಾದೀತೆಂಬ ಹಳೆಯ ಭಯ. ಅಂಗಡಿಗೆ ಹೊರಡುವ ಮುನ್ನ ಕೆಟಲನ್ನು ಪಾತ್ರೆ ತೊಳೆಯುವ ತೊಟ್ಟಿಯಲ್ಲಿಟ್ಟು, ಲೋಟಗಳ ನಡುವೆ ಟವೆಲ್ ತುರುಕಿ, ಕಪಾಟುಗಳ ಬಾಗಿಲೆಲ್ಲ ಒತ್ತಿ ನೋಡುವಳು. ಮನೆ ಎಲ್ಲಿಗೂ ಹೊರಡುವುದಿಲ್ಲವೆಂದು ಆರ್ಲೊ ನಕ್ಕರೆ, ಅದೇ ತನಗೆ ಹೆದರಿಕೆಯೆಂದು ಅವಳು ಗೊಣಗುವಳು.

ಒಂದು ಸಂಜೆ ಗಾಳಿ ತಗ್ಗಿ, ದಕ್ಷಿಣದ ಗುಡ್ಡಗಳು ತಿಳಿನೇರಳೆಗೆ ತಿರುಗಿ, ಊರೆಲ್ಲ ನೀರಿನಡಿಯಲ್ಲಿದ್ದಂತೆ ಮೆಲ್ಲಗೆ ಅಲುಗುತ್ತಿತ್ತು. ಪಕ್ಕದ ಮನೆಯ ಮುದುಕಿ ಯುಫೀಮಿಯಾ ಬಾಕಾ ಮುಂಬಾಗಿಲ ಹೊರಗೆ ಕುರ್ಚಿ ಹಾಕಿ ಕೂತದ್ದು ವೆಲ್ಮಾಳ ಕಣ್ಣಿಗೆ ಬಿತ್ತು. ತಂಗುದಾಣಗಳಲ್ಲಿ ಒಂದು ರೂಢಿಯಿತ್ತು. ಸಂಜೆ ಯಾರಾದರೂ ಹೊರಗೆ ಕುರ್ಚಿ ಬಿಡಿಸಿದರೆ ಅದೇ ಕರೆ. ಉಳಿದವರು ತಮ್ಮ ತಮ್ಮ ಕುರ್ಚಿ, ತಮ್ಮ ಲೋಟ ಹಿಡಿದು ಹೋಗಿ ಕೂರಬೇಕು, ಕೇಳುವ ಮಾತೇ ಇಲ್ಲ. ವೆಲ್ಮಾಳ ಎದೆ ಹಗುರಾಯಿತು. ಮಡಚುವ ಕುರ್ಚಿ ಬಗಲಿಗೆ ಸಿಕ್ಕಿಸಿ, ತಣ್ಣನೆಯ ಚಹಾ ಹಿಡಿದು, ನೇರ ಹೋಗಿ ಮುದುಕಿಯ ಪಕ್ಕ ಕೂತುಬಿಟ್ಟಳು.

ಯುಫೀಮಿಯಾ ಹೊರಗೆ ಕೂತದ್ದು ಒರೆಸಿದ ನೆಲ ಆರಲೆಂದು. ಅವಳು ಕುರ್ಚಿಯನ್ನೂ ನೋಡಿದಳು, ಲೋಟವನ್ನೂ ನೋಡಿದಳು. ಗಾಳಿ, ಧೂಳು, ಪೀಕನ್ ಮರ ಎಂದು ಒಂದಷ್ಟು ಮಾತಾಯಿತು. ಆಮೇಲೆ ವೆಲ್ಮಾ, ಅಷ್ಟು ವರ್ಷ ಪ್ರತಿ ಸಂಜೆ ಕೇಳಿದ ಮಾತನ್ನೇ ಸಲೀಸಾಗಿ ಕೇಳಿದಳು.

"ನೀವು ಯಾವಾಗ ಹೊರಡ್ತೀರಿ?"

ಮುದುಕಿ ತಿರುಗಿ ದಿಟ್ಟಿಸಿದಳು. ಅವಳು ಹುಟ್ಟಿದ್ದು ಇದೇ ಮನೆಯ ಹಿಂದಿನ ಕೋಣೆಯಲ್ಲಿ. ಗಂಡನ ಹೆಣ ಎತ್ತಿದ್ದು ಇದೇ ಬಾಗಿಲಿಂದ.

"ನನ್ನ ಹೊರಡಿಸೋಕೆ ನಾಲ್ಕು ಜನ ಬೇಕಾಗ್ತಾರೆ ಮಗಳೇ. ಅಷ್ಟು ಅವಸರ ನಿಂಗ್ಯಾಕೆ? ಹೊರಡೋದಾದ್ರೆ ನೀನು ಹೊರಡು. ನಿನ್ನ ಆ ಬಸ್ಸು ನನ್ನ ಬೆಳಗಿನ ಬಿಸಿಲೆಲ್ಲ ನುಂಗ್ತಿದೆ. ಅಲ್ನೋಡು, ನನ್ನ ಮೆಣಸಿನ ಸಸಿಗಳು ಕುತ್ತಿಗೆ ಉದ್ದ ಮಾಡ್ಕೊಂಡು ಬಿದ್ದುಹೋಗ್ತಿವೆ."

ಡಬ್ಬಿಗಳಲ್ಲಿ ನೆಟ್ಟ ಸಸಿಗಳು ನಿಜಕ್ಕೂ ಬಡಕಲಾಗಿ ಒಂದೇ ಕಡೆ ವಾಲಿದ್ದವು. ವೆಲ್ಮಾಳ ಮುಖ ಕೆಂಪಾಯಿತು. ಮೊದಲೇ ಹೇಳಬಹುದಿತ್ತು ಎಂದಳು. ನೀನು ಇರುವವಳೋ ಹೋಗುವವಳೋ ಎಂದು ಕಾಯುತ್ತಿದ್ದೆ, ಹೋಗುವವರ ಹತ್ತಿರ ಜಗಳವಾಡಿದರೆ ದಂಡ ಎಂದಳು ಯುಫೀಮಿಯಾ. ವೆಲ್ಮಾ ಕುರ್ಚಿ ಮಡಚಿಕೊಂಡು ಎದ್ದುಬಂದಳು.

ಗಾಡಿಯವರ ಲೋಕದಲ್ಲಿ ನೆರೆಯವರ ಕಿರಿಕಿರಿಗೆ ಮದ್ದು ಒಂದೇ, ಬೆಳಗ್ಗೆ ಎದ್ದು ಹೊರಡುವುದು. ಅವಳು ಗಂಡನಿಗೆ ಅದನ್ನೇ ಹೇಳಿದಳು. ಆರ್ಲೊ ಮೇಜಿನ ಅಂಚನ್ನು ಬೆರಳಲ್ಲಿ ತಡವಿದ. ಹೋಗುವುದಾದರೆ ಹಿಂದಿನ ಎಡ ಚಕ್ರದ ಗಾಳಿ ನೋಡಿಕೋ ಎಂದ. ಬೇಡವೆನ್ನಲಿಲ್ಲ.

ಬೆಳಗಾಗುತ್ತಲೇ ವೆಲ್ಮಾ ಗಾಡಿ ಹೊರಡಿಸಿದಳು. ನೇರ ರಸ್ತೆಯಲ್ಲಿ ಆರ್ಲೊ ತೂಕಡಿಸಿದಾಗ ಅವಳೂ ಓಡಿಸಿದ್ದುಂಟು. ಪಶ್ಚಿಮಕ್ಕೆ ರಸ್ತೆ ಬೆಳ್ಳಿಯ ದಾರದಂತೆ ಬಿಚ್ಚಿಕೊಳ್ಳುತ್ತ ಹೋಯಿತು. ಒಣಗಿದ ಕೆರೆಯಂಗಳದ ಮೇಲೆ ಇಲ್ಲದ ನೀರು ಹೊಳೆಯಿತು, ಅದರಲ್ಲಿ ಗುಡ್ಡಗಳು ತಲೆಕೆಳಗಾಗಿ ತೇಲಿದವು. ಗಾಡಿಯ ತೂಗಾಟಕ್ಕೆ ಮೈ ಸಡಿಲಾಯಿತು. ತಾನು ಓಡುತ್ತಿಲ್ಲ, ನೆಲವೇ ಹಿಂದಕ್ಕೆ ಜಾರುತ್ತಿದೆ, ಇನ್ನೊಂದಿಷ್ಟು ಜಾರಿದರೆ ಆರ್ಲೊನ ಕಣ್ಣು ನೆಟ್ಟಗಿದ್ದ ದಿನಗಳು ಎದುರಾಗುತ್ತವೆ ಎನಿಸಿತು. ಪಕ್ಕದ ನಕ್ಷೆಯ ಸೀಟು ಖಾಲಿಯಿತ್ತು. ತಿರುವು ಬಂದಾಗ ಅವಳೇ ಎಡಕ್ಕೆ ಎಂದು ಹೇಳಿಕೊಂಡಳು, ಅವಳೇ ಎಡಕ್ಕೆ ತಿರುಗಿಸಿದಳು.

ದಾರಿಬದಿಯ ತಂಗುದಾಣದಲ್ಲಿ ಕೆನಡಾದಿಂದ ಬಂದ ದಂಪತಿ ಕುರ್ಚಿ ಹಾಕಿ ಕೂತಿದ್ದರು. ಕರೆದರು, ಕಾಫಿ ಕೊಟ್ಟರು, ಗಾಡಿಯನ್ನು ಹೊಗಳಿದರು. ಎಷ್ಟು ಒಳ್ಳೆಯವರು. ಎಲ್ಲರೂ ಹೀಗೇ ಒಳ್ಳೆಯವರಾಗಿದ್ದರು, ಕಾಫಿ ಮುಗಿಯುವವರೆಗೆ. ಇಷ್ಟು ವರ್ಷದಲ್ಲಿ ತನ್ನ ಮೇಲೆ ಒಬ್ಬರೂ ಸಿಟ್ಟಾದದ್ದಿಲ್ಲವೆಂದು ವೆಲ್ಮಾಗೆ ಹೊಳೆಯಿತು. ಸಿಟ್ಟು ಬರುವಷ್ಟು ದಿನ ಯಾರೂ ಜೊತೆಗಿರಲಿಲ್ಲ. ಆ ಮುದುಕಿ ಬೈದದ್ದು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು, ಆದರೆ ಅದರ ಹಿಂದೆಯೇ ಬಿಸಿಲು ಕಾಣದ ಆ ಸಸಿಗಳೂ ಕಣ್ಣಮುಂದೆ ಬಂದವು. ಕೆನಡಾದ ಹೆಂಗಸು ಮುಂದಿನ ಊರು ಯಾವುದೆಂದು ಕೇಳಿದಳು. ವೆಲ್ಮಾ ಲೋಟ ಕೆಳಗಿಟ್ಟು, ಮುಂದಿನದಲ್ಲ ಹಿಂದಿನದು ಎಂದಳು.

ಮಧ್ಯಾಹ್ನ ಗಾಡಿ ಬೀದಿಗೆ ಬಂದ ಸದ್ದಿಗೆ ಆರ್ಲೊ ಹೊರಬಂದ. ವೆಲ್ಮಾ ಗಾಡಿಯನ್ನು ಮೊದಲಿನ ಜಾಗಕ್ಕೆ ತರಲಿಲ್ಲ, ಮುದುಕಿಯ ಸಸಿಗಳಿಗೆ ನೆರಳು ಬೀಳದ, ಮನೆಯ ಆಚೆ ಬದಿಯ ಇಕ್ಕಟ್ಟಿಗೆ ಹಿಂದೆ ಹಿಂದೆ ಬಿಡತೊಡಗಿದಳು. ಹಿಂದಕ್ಕೆ ಬಿಡುವ ಕೆಲಸ ಯಾವತ್ತೂ ಆರ್ಲೊನದು. ಹಿಂದೆ ನಿಂತು ಕೈಸನ್ನೆ ಮಾಡುವುದು ಅವಳದು. ಈಗ ಅದು ಅದಲುಬದಲಾಗಿತ್ತು. ಕನ್ನಡಿಯಲ್ಲಿ ಆರ್ಲೊ ಕಂಡ, ಎರಡೂ ಕೈ ಎತ್ತಿ ನಿಂತಿದ್ದ. ಗೋಡೆ ಅವನಿಗೆ ಕಾಣುತ್ತಿರಲಿಲ್ಲ. ಅವಳು ಬ್ರೇಕು ಒತ್ತಿಹಿಡಿದಳು.

ಅಷ್ಟರಲ್ಲಿ ಏಪ್ರನ್ನಿನಲ್ಲೇ ಓಡಿಬಂದ ಯುಫೀಮಿಯಾ ಅವನ ಮೊಣಕೈ ಹಿಡಿದುಕೊಂಡಳು. ಗೋಡೆ ಎಷ್ಟು ದೂರವೆಂದು ಅವಳು ಅವನ ಕಿವಿಗೆ ಕೂಗುವಳು, ಅವನು ಅದನ್ನು ಕೈಸನ್ನೆಯಾಗಿ ತಿರುಗಿಸುವನು. ಎಡಕ್ಕೆ ತಿರುಗಿಸೆಂದು ಅವನು ತೋರಿಸಿದರೆ, ಎಮ್ಮೆ ಅಟ್ಟುವವಳಂತೆ ಅವಳೂ ಒಂದು ಕೈ ಬೀಸುವಳು. ಇಬ್ಬರು ಮುದುಕರ ಮೂರು ಕೈಗಳು ಕನ್ನಡಿಯಲ್ಲಿ ಒಟ್ಟಿಗೆ ಮೇಲೇಳುವುದನ್ನೂ ಇಳಿಯುವುದನ್ನೂ ನೋಡುತ್ತ ವೆಲ್ಮಾ ಗೇಣು ಗೇಣಾಗಿ ಹಿಂದೆ ಸರಿದಳು. ಕೊನೆಗೆ ಮೂರು ಕೈಗಳೂ ನಿಂತವು. ಅವಳು ಎಂಜಿನ್ ಆರಿಸಿದಳು.

ವೆಲ್ಮಾ ಇಳಿದು ಬಂದಾಗ ಯುಫೀಮಿಯಾ ಏದುಸಿರು ಬಿಡುತ್ತಿದ್ದಳು. ಥ್ಯಾಂಕ್ಸ್ ಅಂದದ್ದನ್ನು ಕೇಳಿಸಿಕೊಳ್ಳದೆ, ಗಾಡಿ ಬೀದಿಯಲ್ಲಿ ತಿರುಗುವಾಗ ಚಕ್ರಕ್ಕೆ ಸಿಕ್ಕ ತನ್ನ ಬೇಲಿಯ ಹೂವಿಗೆ ಯಾರು ಹೊಣೆ ಎಂದು ಕೇಳಿದಳು. ವೆಲ್ಮಾ ಎದುರುತ್ತರ ಕೊಟ್ಟಳು, ಆ ಹೂವು ಬೇಲಿ ದಾಟಿ ತನ್ನ ಅಂಗಳಕ್ಕೆ ಚಾಚಿತ್ತೆಂದು. ಹೀಗೆ ಇಬ್ಬರೂ ಸ್ವಲ್ಪ ಹೊತ್ತು ನಿಂತು ಜಗಳವಾಡಿದರು. ಆ ಜಗಳ ನಾಳೆಗೂ ಉಳಿಯುವಂಥದ್ದೆಂದು ಇಬ್ಬರಿಗೂ ತಿಳಿದಿತ್ತು.

ಆಮೇಲೆ ವೆಲ್ಮಾ ಗಾಡಿಯೊಳಗೆ ಹೋಗಿ ತನ್ನ ದಿಂಬು, ಹೊದಿಕೆ ಎತ್ತಿಕೊಂಡು ಇಳಿದಳು. ಹಾಡುಹಗಲೇ ದಿಂಬು ಅಪ್ಪಿಕೊಂಡು ಅಂಗಳ ದಾಟುತ್ತಿದ್ದವಳನ್ನು ಯುಫೀಮಿಯಾ ಬೇಲಿಯಾಚೆಯಿಂದ ನೋಡಿದಳು.

"ಅಂತೂ ಗಂಡನ ಮನೆ ಸೇರಿದೆ ಅನ್ನು."

"ಸೇರಿದೆ. ನಿಮ್ಮ ಕಾಟಕ್ಕೆ."

ಒಳಗೆ ಕೋಣೆಯಲ್ಲಿ ಮಧ್ಯಾಹ್ನದ ಬೆಳಕು ಪರದೆಯಲ್ಲಿ ಸೋಸಿ ಜೇನಿನಂತೆ ನೆಲಕ್ಕೆ ಇಳಿದಿತ್ತು. ಆರ್ಲೊ ಆಗಲೇ ಒರಗಿದ್ದ. ಅವಳು ಬಂದ ಸಪ್ಪಳಕ್ಕೆ ಗೋಡೆಯ ಕಡೆಗೆ ಸರಿದು, ಕೈಯಿಂದ ತಡವಿ ಹಾಸಿಗೆಯ ಸುಕ್ಕು ಬಿಡಿಸಿದ. ವೆಲ್ಮಾ ದಿಂಬು ಇಟ್ಟು ಮಲಗಿದಳು. ಮನೆ ಅಲುಗಲಿಲ್ಲ. ಅವಳು ಅದನ್ನು ಗಮನಿಸುವಷ್ಟರಲ್ಲಿ ನಿದ್ದೆ ಬಂದಿತ್ತು.